ಹೆಡ್‌ಲೈಟ್ ಹಾಕಿಕೊಂಡು ಬಂದವರು

ನಾನು ಸ್ಕೂಟರ್ ಓಡಿಸುವುದನ್ನು 'ಓಡಿಸುವುದು' ಎನ್ನಲು ನನ್ನ ಹೆಂಡತಿ ಒಪ್ಪುವುದಿಲ್ಲ. "ಅದು ದೂಡ್ಕೊಂಡು ಹೋಗೋದು ಕಣ್ರೀ, ಮೇಲೆ ಕೂತಿರ್ತೀರಿ ಅಷ್ಟೆ" ಎನ್ನುತ್ತಾಳೆ. ವಸ್ತಾರೆಯಿಂದ ಮೂಡಿಗೆರೆಗೆ ಹೊರಟರೆ ಇಳಿಜಾರಿನಲ್ಲಿ ಸೈಕಲ್ಲುಗಳೂ ನನ್ನನ್ನು ಹಿಂದೆ ಹಾಕುತ್ತವೆ. ಇಂಥವನು ವೇಗದ ಬಗ್ಗೆ ಕೂಗಾಡಿದರೆ ಹೊಟ್ಟೆಕಿಚ್ಚು ಎಂದು ನೀವು ಅಂದುಕೊಳ್ಳಬಹುದು. ಅಂದುಕೊಳ್ಳಿ. ಸಿಟ್ಟಂತೂ ಬಂದಿದೆ, ಇಳಿಯುತ್ತಿಲ್ಲ.

ನಮ್ಮ ಗುಡ್ಡದ ರಸ್ತೆಗಳಲ್ಲಿ ಎಲ್ಲೂ ಬರೆದಿಡದ ಕಾನೂನೊಂದಿದೆ. ಹಾಡಹಗಲೇ ಹೆಡ್‌ಲೈಟ್ ಉರಿಸಿಕೊಂಡು, ಹಾರ್ನ್ ಒತ್ತಿ ಹಿಡಿದು ಬರುವ ಗಾಡಿ ಕಂಡರೆ ಒಳಗೆ ಯಾರೋ ಕಷ್ಟದಲ್ಲಿದ್ದಾರೆ ಎಂದರ್ಥ. ಹೆರಿಗೆ ನೋವಿರಬಹುದು, ಹಾವು ಕಡಿದಿರಬಹುದು. ಆಂಬುಲೆನ್ಸ್ ಎಸ್ಟೇಟಿನ ಒಳದಾರಿ ಹುಡುಕಿ ಬರುವಷ್ಟರಲ್ಲಿ ಹೊತ್ತು ಮೀರುತ್ತದೆ, ಹಾಗಾಗಿ ಯಾರ ಗಾಡಿ ಸಿಕ್ಕಿದರೆ ಅದರಲ್ಲೇ ಮಲಗಿಸಿಕೊಂಡು ಹೊರಡುತ್ತೇವೆ. ಎದುರಿನವರು ಚರಂಡಿಗೆ ಚಕ್ರ ಇಳಿಸಿಯಾದರೂ ದಾರಿ ಬಿಡುತ್ತಾರೆ. ಲಾರಿಯವನೂ ಬಿಡುತ್ತಾನೆ, ಮಾತು ಬಿಟ್ಟ ದಾಯಾದಿಯೂ ಬಿಡುತ್ತಾನೆ.

ಕಳೆದ ಕಾಫಿ ಹಣ್ಣಿನ ಕೊಯ್ಲಿನಲ್ಲಿ ಬಶೀರ್ ಮಾಡಿದ್ದೂ ಇಷ್ಟೇ. ಕೊಯ್ಲಿನ ಆಳುಗಳನ್ನು ತೋಟಕ್ಕೆ ಕರೆತರುವ ಜೀಪು ಅವನದು. ದೇವರಮನೆ ಗುಡ್ಡದ ಕಡೆಯ ತಿರುವಿನಲ್ಲಿ ಲೈಟು ಉರಿಸಿಕೊಂಡು ಕಾರೊಂದು ನುಗ್ಗಿ ಬಂತು. "ಯಾರಿಗೋ ಏನೋ ಆಗಿದೆ, ಪಾಪ" ಎಂದು ಜೀಪನ್ನು ಬದಿಗೆ ತೆಗೆದ. ಬದಿಯ ಮಣ್ಣು ಕುಸಿದು ಜೀಪು ಮಗುಚಿತು. ಹಿಂದೆ ಕೂತಿದ್ದ ಗಿರಿಜಳ ಬಲಗೈ ಮುರಿಯಿತು. ಕಾರಿನಲ್ಲಿದ್ದದ್ದು ಕಾಯಿಲೆಯವರಲ್ಲ, ಒಬ್ಬ ಸಿನಿಮಾ ಹೀರೋ. ಗುಡ್ಡದ ಮೇಲಿನ ಮಂಜು ಕರಗುವ ಮೊದಲು ಫೋಟೋ ತೆಗೆಸಿಕೊಳ್ಳುವ ಅವಸರ ಅವರಿಗೆ. ಕಾರು ನಿಲ್ಲಲೇ ಇಲ್ಲ.

ಹಿಂದಿನ ಕಾರಿನಲ್ಲಿದ್ದ ಅಭಿಮಾನಿಗಳೇ ತೆಗೆದ ವಿಡಿಯೋ ಹಾಡಿನ ಸಮೇತ ಎಲ್ಲರ ಫೋನಿಗೂ ಬಂದದ್ದರಿಂದ ಅತಿವೇಗಕ್ಕೆ ಹೀರೋಗೆ ದಂಡವೇನೋ ಬಿತ್ತು. ಕಟ್ಟಿದರು. ನಗುತ್ತ ಕಟ್ಟಿದ ಫೋಟೋ ಪೇಪರಿನಲ್ಲಿ ಬಂತು, ಮೇಲೆ 'ಕಾನೂನಿಗೆ ತಲೆಬಾಗಿದ ನಟ' ಎಂಬ ಶೀರ್ಷಿಕೆ. ಆಮೇಲೆ 'ನಿಧಾನವಾಗಿ ಚಲಿಸಿ' ಎಂದು ನಮಗೇ ಉಪದೇಶ ಮಾಡುವ ವಿಡಿಯೋ ಬೇರೆ! ಕಾರು ಜೀಪಿಗೆ ತಾಗಿಲ್ಲವಾದ್ದರಿಂದ ಜೀಪು ಮಗುಚಿದ್ದಕ್ಕೂ ಅವರಿಗೂ ಸಂಬಂಧವಿಲ್ಲವಂತೆ. ಅಜಾಗರೂಕ ಚಾಲನೆಯ ಕೇಸು ಬಿದ್ದದ್ದು ಬಶೀರನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೊಯ್ಲು ಮುಗಿಯುವವರೆಗೂ ಜೀಪು ಠಾಣೆಯ ಅಂಗಳದಲ್ಲಿ ನಿಂತಿತ್ತು. ಗಿರಿಜ ಕೈಗೆ ಪಟ್ಟಿ ಹಾಕಿಸಿಕೊಂಡು, ಬೇರೆಯವರು ಕೆಲಸಕ್ಕೆ ಹೋಗುವುದನ್ನು ನೋಡುತ್ತ ತೋಟದ ಆಳುಗಳ ಲೈನ್ ಮನೆಯ ಜಗಲಿಯಲ್ಲಿ ಕೂತಿದ್ದಳು.

ಸಾಮಾನ್ಯನಿಗೆ ಒಂದು ನಾಣ್ಯ ದಂಡ ಬೀಳುವ ತಪ್ಪನ್ನು ಅರಸ ಮಾಡಿದರೆ ಅವನಿಗೆ ಸಾವಿರ ನಾಣ್ಯ ಎಂದು ಹಳೆಯ ಧರ್ಮಶಾಸ್ತ್ರದಲ್ಲೆಲ್ಲೋ ಓದಿದ ನೆನಪು. ಆ ಶಾಸ್ತ್ರಕಾರರ ಬೇರೆ ಎಷ್ಟೋ ಮಾತು ನನಗೆ ಒಗ್ಗುವುದಿಲ್ಲ; ಇದೊಂದು ಹೊಟ್ಟೆ ತಣ್ಣಗಾಗಿಸಿತು. ಈಗ ಅರಸರಿಲ್ಲ, ಎಲ್ಲರೂ ಸಮಾನರು. ಹೆಲ್ಮೆಟ್ಟಿನ ಪಟ್ಟಿ ಬಿಗಿಯದ ತಪ್ಪಿಗೆ ನಾನು ಕಟ್ಟಿದ ದಂಡ ವಾರವಿಡೀ ಚುಚ್ಚಿತು. ಹೀರೋ ಕಟ್ಟಿದ್ದು ಅವರ ಕಾರು ತೊಳೆಸುವ ಖರ್ಚಿಗೂ ಸಾಲದು. ಇದು ಶಿಕ್ಷೆಯಲ್ಲ, ಪಾರ್ಕಿಂಗ್ ಚೀಟಿ.

ಜೀಪು ಬಿಡುಗಡೆಯಾದ ಮೇಲೆ ಒಂದು ದಿನ ನಾನೂ ಅದರಲ್ಲಿ ಮೂಡಿಗೆರೆಗೆ ಹೊರಟಿದ್ದೆ. ಹಿಂದಿನಿಂದ ಲೈಟು, ಹಾರ್ನು. ಬಶೀರ್ ರಸ್ತೆಯ ನಡು ಬಿಡಲಿಲ್ಲ.

"ಬಿಡಲ್ಲ ಗೌಡ್ರೇ. ಯಾವ ಹೀರೋನೋ ಏನೋ. ಬರ್ಲಿ ಹಿಂದೆ."

ಸುಳ್ಳೇಕೆ, ನನಗೂ ಖುಷಿಯಾಯಿತು. ಒಂದು ತಿರುವು ಕಳೆಯಿತು, ಇನ್ನೊಂದು ಕಳೆಯಿತು. ಹಾರ್ನು ನಿಲ್ಲಲಿಲ್ಲ. ನನ್ನ ಖುಷಿ ಕರಗಿತು.

"ಬಿಡೋ ಮಾರಾಯ. ನಿಜವಾಗ್ಲೂ ಯಾರಾದ್ರೂ ಇದ್ರೆ?"

ಅವನು ಬದಿಗೆ ಸರಿದ. ಕಾರು ಮುಂದೆ ಹೋಯಿತು. ಹಿಂದಿನ ಸೀಟಿನಲ್ಲಿ ತುಂಬು ಬಸುರಿಯೊಬ್ಬಳು ಇನ್ನೊಬ್ಬಳ ತೊಡೆಯ ಮೇಲೆ ತಲೆಯಿಟ್ಟು ಹಲ್ಲು ಕಚ್ಚಿಕೊಂಡಿದ್ದಳು. ಓಡಿಸುತ್ತಿದ್ದವನು ದಾರಿ ಬಿಟ್ಟದ್ದಕ್ಕೆ ನಮಗೆ ಕೈಯೆತ್ತಿ ವಂದಿಸಿ ಹೋದ.

ಬಶೀರ್ ಜೀಪು ನಿಲ್ಲಿಸಿಬಿಟ್ಟ. "ಅವ್ನು ನನ್ನ ಜೀಪು ಕೆಡಿಸಿದ್ದು ಹೋಗ್ಲಿ ಗೌಡ್ರೇ, ನನ್ನ ಬುದ್ಧೀನೂ ಕೆಡಿಸಿಬಿಟ್ಟ" ಎಂದ.

ಹೆರಿಗೆ ಸುಸೂತ್ರವಾಯಿತೆಂದು ಸಂಜೆ ಗೊತ್ತಾಯಿತು. ಆದರೆ ನನ್ನ ಸಿಟ್ಟು ಅಂದಿನಿಂದ ಇಮ್ಮಡಿಯಾಗಿದೆ. ಆ ಹೀರೋ ತಪ್ಪಿಸಿಕೊಂಡ ಶಿಕ್ಷೆ ಎಲ್ಲೂ ಆವಿಯಾಗಿ ಹೋಗಿಲ್ಲ. ಅವನ ಹೆಸರೂ ಕೇಳದ ಯಾವಳೋ ಬಸುರಿ ಎರಡು ತಿರುವುಗಳಷ್ಟು ದೂರ ಅದನ್ನು ಅನುಭವಿಸಿದಳು.

ಸರಿಯಾದ ಶಿಕ್ಷೆ ಯಾವುದೆಂದು ಆಮೇಲೆ ನಾನೇ ಯೋಚಿಸಿ ಬಶೀರನಿಗೆ ಹೇಳಿದೆ. ಹೀರೋ ಸ್ಟೇರಿಂಗ್ ಹಿಡಿಯಲಿ. ಹಿಂದಿನ ಸೀಟಿನಲ್ಲಿ ನಮ್ಮ ಗಿರಿಜ ಹೆರಿಗೆ ನೋವೆಂದು ಕಿರುಚಲಿ. ನಟನೆ ಅವರೊಬ್ಬರ ಸೊತ್ತೇನಲ್ಲ. ದೇವರಮನೆಯಿಂದ ಮೂಡಿಗೆರೆಯವರೆಗೂ ಮುಂದಿನ ಗಾಡಿ ದಾರಿ ಬಿಡಬಾರದು.

"ಮುಂದೆ ನನ್ನ ಜೀಪಾ?" ಎಂದ ಬಶೀರ್.

"ಬೇಡ, ನಾನು ಸ್ಕೂಟರಲ್ಲಿ ಹೋಗ್ತೀನಿ."

ಎಷ್ಟೋ ದಿನಗಳ ಮೇಲೆ ಅವನು ಮನಸಾರೆ ನಕ್ಕ. "ನಿಮ್ಮ ಹಿಂದೇನಾ? ಅಷ್ಟು ದೊಡ್ಡ ಶಿಕ್ಷೆ ಬೇಡ ಗೌಡ್ರೇ, ದೇವ್ರು ಮೆಚ್ಚಲ್ಲ!"