ಹೊಟ್ಟೆಯೊಳಗಿನ ಪ್ರತಿಪಕ್ಷ

ಯಾರಾದರೂ ಹೊಟ್ಟೆ ಹೇಗಿದೆ ಎಂದು ಕೇಳಿದರೆ ಈಚೆಗೆ ನಾನು ತಡವರಿಸುತ್ತೇನೆ. ಮೊದಲು ಹೀಗಿರಲಿಲ್ಲ. ಎಲ್ಲವನ್ನೂ ಅನುಮಾನಿಸುವುದೇ ಬುದ್ಧಿವಂತಿಕೆ ಎಂದುಕೊಂಡಿದ್ದ ನಾನು, ನನ್ನ ಹೊಟ್ಟೆ ನನ್ನದು ಎಂಬುದೊಂದನ್ನು ಮಾತ್ರ ಅನುಮಾನಿಸದೆ ಹೇಗೆ ಬಿಟ್ಟೆನೋ ತಿಳಿಯದು.

ತಪ್ಪು ಶುರುವಾದದ್ದು ಹಗರಿಬೊಮ್ಮನಹಳ್ಳಿಯ ಒಂದು ಚರ್ಚಾಸ್ಪರ್ಧೆಯಲ್ಲಿ. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಸೂಕ್ಷ್ಮಜೀವಿಗಳು ಮನುಷ್ಯನ ಶತ್ರುಗಳು ಎಂಬುದು ವಿಷಯ. ನನಗೆ ಪರ ಬಂತು. ಕಾಲರಾ, ಕ್ಷಯ, ಕುಷ್ಠ ಎಂದು ಬೆರಳು ಮಡಿಚುತ್ತ ಹೋದೆ, ಗೆದ್ದೆ. ಚರ್ಚೆಯಲ್ಲಿ ಗೆದ್ದವನಿಗೆ ಒಂದು ರೋಗ ಅಂಟುತ್ತದೆ: ತಾನು ಆಡಿದ್ದನ್ನು ತಾನೇ ನಂಬಿಬಿಡುವುದು.

ಕೊಟ್ಟೂರಿನ ನಮ್ಮ ಮನೆಗೆ ಮರಳಿದಾಗ ಕಣ್ಣಿಗೆ ಬಿದ್ದದ್ದು ಅವ್ವನ ಅಂಬಲಿ ಗಡಿಗೆ. ಬೇಯಿಸಿದ ಜೋಳದ ಅಂಬಲಿಯನ್ನು ಆರಿಸಿ ಅದಕ್ಕೆ ಸುರಿದಿಟ್ಟರೆ ಬೆಳಗಾಗುವುದರೊಳಗೆ ಹುಳಿಯೇರಿರುತ್ತಿತ್ತು. ಆ ಗಡಿಗೆಯನ್ನು ಅವ್ವ ಎಂದೂ ಪೂರ್ತಿ ತೊಳೆದವಳಲ್ಲ. ತಳದಲ್ಲಿ ಒಂದು ಸೌಟು ಹಳೆಯದನ್ನು ಉಳಿಸಿಯೇ ಹೊಸದನ್ನು ಸುರಿಯುವಳು. ಮದುವೆಯಾಗಿ ಹೊಳಲಿನಿಂದ ಬರುವಾಗ ತವರಿನ ಹುಳಿಯನ್ನು ತಂಬಿಗೆಯಲ್ಲಿ ತಂದಿದ್ದಳಂತೆ. ಅವಳು ಹರಪನಹಳ್ಳಿಯ ಅಕ್ಕನ ಮನೆಗೆ ಹೋದ ದಿನ ನಾನು ಗಡಿಗೆಗೆ ಕುದಿಯುವ ನೀರು ಹಾಕಿ, ಸೋಡಾ ಪುಡಿಯಿಂದ ಉಜ್ಜಿ, ಬಿಸಿಲಲ್ಲಿ ಬೋರಲು ಹಾಕಿದೆ. ಸಂಜೆ ಅವ್ವ ಬಂದು ಗಡಿಗೆಯೊಳಗೆ ಮೂಗಿಟ್ಟು ನೋಡಿದಳು.

"ಸಾಯಿಸಿಬಿಟ್ಟೆಲ್ಲೋ," ಎಂದಳು.

ಸಾಯಲು ಅದರಲ್ಲಿ ಜೀವ ಎಲ್ಲಿತ್ತು ಎಂದು ಕೇಳಿದೆ. ಜೀವವಿದೆ ಎಂದೇ ನಾನು ಕುದಿಯುವ ನೀರು ಸುರಿದದ್ದು ಎಂಬುದು ನೆನಪಾದದ್ದು ಮಲಗಿದ ಮೇಲೆ. ನನ್ನ ವಾದಕ್ಕೆ ನಾನೇ ವಿರೋಧವಾದ ಮೊದಲ ಸಲ ಅದು.

ಮುಂದಿನ ವಾರ ಕಾಲಿನ ಕುರು ಕೀವಾಗಿ ಜ್ವರ ಬಂತು. ಡಾಕ್ಟರು ಎರಡು ಬಣ್ಣದ ಕ್ಯಾಪ್ಸೂಲು ಬರೆದುಕೊಟ್ಟರು. ಕುರು ಮಾಯಿತು, ಹೊಟ್ಟೆ ಕಟ್ಟೆಯೊಡೆಯಿತು. ಮೂರು ವಾರ ಚೊಂಬು ನನ್ನ ಕೈ ಬಿಡಲಿಲ್ಲ. ಪೈಜಾಮದ ಲಾಡಿ ದಿನಕ್ಕಷ್ಟು ಉದ್ದವಾಗುತ್ತ ಬಂತು. ಹಡಗಲಿಯ ಮುಂದಿನ ಚರ್ಚಾಸ್ಪರ್ಧೆಗೆ ಉಳಿದದ್ದು ಎಂಟೇ ದಿನ. ವೇದಿಕೆಯ ಮೇಲೆ ಏಳು ನಿಮಿಷ ನಿಲ್ಲಬೇಕು. ಏಳು ನಿಮಿಷ ಕೂರುವುದಕ್ಕೂ ನನ್ನಲ್ಲಿ ಭರವಸೆ ಇರಲಿಲ್ಲ. ಅವ್ವ ಬೈಯುವುದನ್ನೂ ನಿಲ್ಲಿಸಿದ್ದಳು. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಮತ್ತೆ ಡಾಕ್ಟರ ಬಳಿ ಹೋದೆ. ಅವರು ಹೊಟ್ಟೆ ಅಮುಕಿ ನೋಡಿ, "ಗುಳಿಗಿ ಕೆಟ್ಟವನ್ನ ಕೊಲ್ಲಾಕ ಹೋಗಿ, ನಿನ್ನ ಅನ್ನ ಅರಗಸೋವನ್ನೂ ಹೊಡದೈತಪ. ಹುಳಿ ಅಂಬಲಿ ಕುಡಿ," ಎಂದರು.

ನನ್ನ ಅನ್ನವನ್ನು ನಾನಲ್ಲದೆ ಬೇರೆ ಯಾರೋ ಅರಗಿಸುತ್ತಾರೆಂದು ತಿಳಿದ ದಿನದಿಂದ ತಲೆ ಕೆಟ್ಟಿದೆ. ಸೂಕ್ಷ್ಮಜೀವಿಗಳು ಶತ್ರುಗಳಾದರೆ, ಅವು ನನ್ನೊಳಗೆ ಲೆಕ್ಕವಿಲ್ಲದಷ್ಟಿದ್ದರೆ, ನಾನು ಉಚ್ಚಂಗಿದುರ್ಗದಂತೆ ಒಂದು ಕೋಟೆ ಎಂದಾಯಿತು. ಆದರೆ ಒಳಗಿರುವವರೆಲ್ಲ ಶತ್ರುಗಳು, ಹೊರಗೆ ನಿಂತು ಕಾಯುವವನು ನಾನು. ಹಿಂದಿನವರು ಹೊಟ್ಟೆಯಲ್ಲಿ ಜಠರಾಗ್ನಿ ಇದೆ ಎಂದರು. ಬೆಂಕಿ ಇದ್ದರೆ ಹೊಗೆ ಎಲ್ಲಿ ಎಂದು ನಾನು ನಕ್ಕಿದ್ದೆ. ಈಗ ಒಲೆಯ ಬದಲು ಅಡುಗೆಯವರ ದಂಡೇ ಇದೆ ಎನ್ನುತ್ತಾರೆ, ಅದಕ್ಕೆ ಹೇಗೆ ನಗುವುದು? ಸಂಜೆಯಾದರೆ ಮಿರ್ಚಿ ಮಂಡಕ್ಕಿ ಬೇಕೆನಿಸುತ್ತದಲ್ಲ, ಆ ಆಸೆ ನನ್ನದೋ, ಅವರದೋ?

ಅಂಬಲಿಗೆ ಹುಳಿ ಬೇಕು. ನಮ್ಮ ಗಡಿಗೆ ಸತ್ತಿತ್ತು, ಬದಲಿಗೆ ಮಜ್ಜಿಗೆ ಹಾಕೋಣವೆಂದರೆ ಎಮ್ಮೆ ಹಾಲು ಬತ್ತಿಸಿತ್ತು. ಓಣಿಯಲ್ಲಿ ಯಾರನ್ನಾದರೂ ಒಂದು ಸೌಟು ಹುಳಿ ಕೇಳು ಎಂದು ಅವ್ವನಿಗೆ ಅಂದೆ.

"ಕಾಲೇಜು ಓದೋ ಮಗ ಏನು ಮಾಡ್ಯಾನ ಅಂತ ನಾ ಯಾರ ಮುಂದ ಹೇಳ್ಲಿ? ತೊಳದಾವ ನೀನು. ತರಾವನೂ ನೀನ."

ಎದುರುಮನೆಯ ಕೊಟ್ರಮ್ಮಜ್ಜಿಯ ಬಾಗಿಲಿಗೆ ಹೋದಾಗ ಶುಕ್ರವಾರದ ಸಂಜೆ. ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ಅಜ್ಜಿ ಬಾಯಿಗೆ ಸೆರಗಿಟ್ಟು ನಕ್ಕಳು. ಆದರೆ ದೀಪ ಹಚ್ಚಿದ ಮೇಲೆ ಹುಳಿ ಹೊರಗೆ ಕೊಡುವುದಿಲ್ಲ, ಅದರಲ್ಲೂ ಶುಕ್ರವಾರ ಎಂದಳು. ಕಾರ್ಯಕಾರಣ ಸಂಬಂಧದಿಂದ ಹಿಡಿದು ನನ್ನ ಲಾಡಿಯವರೆಗೆ ಎಲ್ಲವನ್ನೂ ಮುಂದಿಟ್ಟು ವಾದಿಸಿದೆ. ಅಷ್ಟು ಗಮನವಿಟ್ಟು ಕೇಳಿದ ತೀರ್ಪುಗಾರರನ್ನು ನಾನು ಕಂಡಿಲ್ಲ. ಕೊನೆಗೆ ತಲೆದೂಗಿ, "ಭಾಳ ಚಲೋ ಮಾತಾಡ್ತೀಪ. ಮುಂಜಾನಿ ಬಾ," ಎಂದಳು.

ಮುಂಜಾನೆ ಹೋದೆ. ಅಜ್ಜಿ ತಂಬಿಗೆ ತುಂಬ ಕೊಟ್ಟಳು. ಅವ್ವ ಅದನ್ನು ಮೂಸಿ, ಇದು ನಮ್ಮ ಹುಳಿಯ ವಾಸನೆಯಲ್ಲ ಎಂದಳು. ಆಮೇಲೆ ಗಡಿಗೆಗೆ ಸುರಿದಳು. ದಿನಕ್ಕೆ ಮೂರು ಬಟ್ಟಲು ಕುಡಿದೆ. ಐದನೆಯ ದಿನ ಹೊಟ್ಟೆ ನಿಂತಿತು. ಹಡಗಲಿಯಲ್ಲಿ ನಾನೂ ಏಳು ನಿಮಿಷ ನಿಂತೆ. ಬಹುಮಾನ ಬರಲಿಲ್ಲ. ಅಷ್ಟು ಸಂತೋಷದಿಂದ ನಾನು ಎಂದೂ ಸೋತಿಲ್ಲ.

ವಾಸಿಯಾದದ್ದು ಯಾರಿಂದ ಎಂಬುದು ಮಾತ್ರ ಇತ್ಯರ್ಥವಾಗಿಲ್ಲ. ತಾವು ಹೇಳಿದ ಅಂಬಲಿಯಿಂದ ಎಂದು ಡಾಕ್ಟರು. ಹೊತ್ತು ನೋಡಿ ಕೊಟ್ಟದ್ದಕ್ಕೆ ಎಂದು ಅಜ್ಜಿ. ಮಗ ಇನ್ನೊಬ್ಬರ ಬಾಗಿಲಲ್ಲಿ ತಲೆ ತಗ್ಗಿಸಿದ್ದಕ್ಕೆ ಎಂದು ಅವ್ವ. ತಾನಾಗಿಯೇ ವಾಸಿಯಾಗುವ ಕಾಲ ಬಂದಿತ್ತು ಎಂದು ನಾನೂ ಒಂದು ವಾದ ಹೂಡಬಹುದು. ಯಾಕೋ ಬಾಯಿ ಬರುವುದಿಲ್ಲ. ನಿಜ ಬಲ್ಲ ಸಾಕ್ಷಿಗಳೆಲ್ಲ ಒಳಗೇ ಇದ್ದಾರೆ. ಕರೆದರೆ ಬರುವವರಲ್ಲ, ಊಟಕ್ಕೆ ಕೂತಿದ್ದಾರೆ. ಊಟದ ನಡುವೆ ಯಾರನ್ನೂ ಎಬ್ಬಿಸಬಾರದು ಎಂಬಷ್ಟು ಸಂಸ್ಕಾರ ವಿಚಾರವಾದಿಗೂ ಇರುತ್ತದೆ.