ಸೋಮವಾರದ ಖಾಲಿ ಹೊಟ್ಟೆ

ಚನ್ನಗಿರಿಯ ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಜಾತಿ ಪ್ರಮಾಣಪತ್ರ, ಆಧಾರ್, ಎಲ್ಲ ಥರದ ಕಾಗದ ನನ್ನ ಕೈ ದಾಟಿವೆ. ಸುಳ್ಳು ಕಾಗದವನ್ನೂ ನೋಡಿದ್ದೇನೆ. ಪ್ರಶ್ನಾರ್ಥಕ ಚಿಹ್ನೆ ಇರುವ ಕಾಗದವನ್ನು ಮಾತ್ರ ಮೊದಲು ನೋಡಿದ್ದು ಹೋದ ವರ್ಷ, ನನ್ನ ಎಂಟು ವರ್ಷದ ಮಗಳ ಹೆಸರಿನಲ್ಲಿ. ದಾವಣಗೆರೆಯ ಮಕ್ಕಳ ಡಾಕ್ಟರು 'ಡಯಾಬಿಟಿಸ್' ಎಂದು ಬರೆದು ಪಕ್ಕದಲ್ಲಿ ಅದನ್ನು ಹಾಕಿದ್ದರು.

ಜ್ವರ ಬಂದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಜಾಸ್ತಿ ಬಂದಿತ್ತು. ಜ್ವರಕ್ಕೂ ಹಾಗೆ ಏರುವುದುಂಟಂತೆ. ಮತ್ತೆ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ಅಲ್ಲಿಂದ ಬಂದ ರಿಪೋರ್ಟಿನಲ್ಲಿ, ಈ ಕಾಯಿಲೆ ಮುಂದೆ ಬರುವ ಸೂಚನೆ ಕೊಡುವ ಅಂಶಗಳಲ್ಲಿ ಒಂದು ಹೌದು ಅಂದಿತು, ಉಳಿದವು ಇಲ್ಲ ಅಂದವು. "ಮುಂದಿನ ತಿಂಗಳೇ ಬರಬಹುದು, ಹತ್ತು ವರ್ಷಕ್ಕೆ ಬರಬಹುದು, ಬರದೇನೂ ಇರಬಹುದು" ಎಂದರು ಡಾಕ್ಟರು. ಇಷ್ಟು ಹೇಳಲು ಗಿಣಿಶಾಸ್ತ್ರದವನು ಸಾಕಿತ್ತಲ್ಲ ಎಂದು ನನಗೆ ಸಿಟ್ಟು ಬಂತು. ವಾರಕ್ಕೊಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡಿ ಬರೆದಿಡಬೇಕು; ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಕಂಡರೆ ಅವತ್ತೇ ಕರೆದುಕೊಂಡು ಬರಬೇಕು ಎಂದರು.

ಒಳ್ಳೆಯ ದಿನ ಎಂದು ಸೋಮವಾರವನ್ನು ಗೊತ್ತುಮಾಡಿದವಳು ನಾನೇ.

ಮೊದಲ ಸೋಮವಾರ ಮಷಿನ್ನು ನೂರ ಇಪ್ಪತ್ತೆಂಟು ತೋರಿಸಿತು. ಆಮೇಲೆ ನೂರ ಮೂವತ್ತನಾಲ್ಕು, ನೂರ ನಲವತ್ತೊಂದು. ನನ್ನ ಗಂಡ ಫೋನಿನಲ್ಲಿ ಓದಿ ಓದಿ ಊಟ ಬಿಟ್ಟರು. ಡಾಕ್ಟರಿಗೆ ಫೋನ್ ಮಾಡಿದರೆ, "ಹಿಂಗೇ ಬರ್ತಾ ಇದ್ರೆ ಇನ್ಸುಲಿನ್ ಯೋಚನೆ ಮಾಡ್ಬೇಕಾಗ್ತದೆ. ಮುಂದಿನ ವಾರ ಕರ್ಕೊಂಡು ಬರ್ರಿ" ಎಂದರು. ದಿನಾ ಸೂಜಿ, ಅದೂ ಜೀವನಪೂರ್ತಿ. ಅಂಗಡಿಯಲ್ಲಿ ಅವತ್ತು ಒಬ್ಬರ ಪಹಣಿಯನ್ನು ನಲವತ್ತು ಪ್ರತಿ ತೆಗೆದೆ. ಅವರು ಕೇಳಿದ್ದು ನಾಲ್ಕು.

ಮುಂದಿನ ಸೋಮವಾರ ಮಗಳು ಎಷ್ಟು ಹೊತ್ತಾದರೂ ಬೆರಳು ಚುಚ್ಚಿಸಿಕೊಳ್ಳಲು ಬರಲಿಲ್ಲವೆಂದು ದೇವರಕೋಣೆಗೆ ಹೋದೆ. ಅತ್ತೆ ಲಿಂಗಪೂಜೆ ಮುಗಿಸಿ, ಪ್ರತಿ ಸೋಮವಾರದ ಹಾಗೆ ಪಕ್ಕದಲ್ಲಿ ಕೂತಿದ್ದ ಮೊಮ್ಮಗಳ ಕೈಗೆ ಅರ್ಧ ಬಾಳೆಹಣ್ಣು, ನಾಲ್ಕು ಹರಳು ಕಲ್ಲುಸಕ್ಕರೆ ಹಾಕಿದರು. ಅವಳು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು, ಬೆರಳು ನೆಕ್ಕಿದಳು. ಆಮೇಲೆ ಎದ್ದು ಬಂದು ಅದೇ ಬೆರಳನ್ನು ನನ್ನ ಮುಂದೆ ಚಾಚಿದಳು.

"ಏನಾದ್ರೂ ತಿಂದ್ಯಾ?" ಎಂದೆ.

"ಇಲ್ಲಮ್ಮ, ಏನೂ ತಿಂದಿಲ್ಲ" ಎಂದಳು, ಕಲ್ಲುಸಕ್ಕರೆ ಕಡಿಯುತ್ತ.

ಅವಳು ಸುಳ್ಳು ಹೇಳುತ್ತಿರಲಿಲ್ಲ. ನಮ್ಮಲ್ಲಿ ಪ್ರಸಾದವನ್ನು ಊಟದ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ. ಉಪವಾಸ ಇದ್ದವರೂ ತೆಗೆದುಕೊಳ್ಳುತ್ತಾರೆ, ಉಪವಾಸ ಮುರಿಯಿತು ಅನ್ನುವುದಿಲ್ಲ. ನನ್ನನ್ನು ಕೇಳಿದ್ದರೂ ಏನೂ ತಿಂದಿಲ್ಲ ಎಂದೇ ಹೇಳುತ್ತಿದ್ದೆ.

"ಪ್ರಸಾದಕ್ಕೆ ಎಲ್ಲಾದ್ರೂ ಶುಗರ್ ಏರ್ತೈತೇನವ್ವ? ನಾನೂ ಹಿಂಗೇ ಪ್ರಸಾದ ತಗೊಂಡೇ ಟೆಸ್ಟಿಗೆ ಹೋಗೋದು" ಎಂದರು ಅತ್ತೆ. ಒಂದು ವರ್ಷದಲ್ಲಿ ಅವರ ಶುಗರ್ ಮಾತ್ರೆ ಒಂದಿದ್ದದ್ದು ಎರಡಾಗಿತ್ತು.

"ನಿಮ್ ಪ್ರಸಾದದಿಂದ ಡಾಕ್ಟ್ರು ಮಗೀಗೆ ಸೂಜಿ ಚುಚ್ಚಾಕೆ ಹೊಂಟಿದ್ರಲ್ರೀ ಅತ್ತೆ" ಎಂದು ಕೂಗಾಡಿದೆ. ಅವರು ತಟ್ಟೆ ಕೆಳಗಿಟ್ಟರು. ದಿನ ಆರಿಸಿದವಳು ನಾನು, ಬೈಸಿಕೊಂಡವರು ಅವರು. ಆ ಕೂಗಾಟಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಮರುದಿನದಿಂದ ಸೋಪು ಹಾಕಿ ಕೈ ತೊಳೆಸಿ, ಪ್ರಸಾದಕ್ಕೆ ಮೊದಲೇ ನೋಡಿದೆ. ತೊಂಬತ್ತೆರಡು, ಎಂಬತ್ತೆಂಟು, ತೊಂಬತ್ತೈದು. ದಾವಣಗೆರೆಗೆ ಹೋದಾಗ ಅಲ್ಲಿಯ ಪರೀಕ್ಷೆಯಲ್ಲೂ ಹಾಗೇ ಬಂತು. ಡಾಕ್ಟರು ನನ್ನ ನೋಟ್‌ಬುಕ್ಕಿನ ಹಳೆಯ ಪುಟದ ಮೇಲೆ ಅಡ್ಡಗೆರೆ ಎಳೆದರು.

"ಇನ್ಸುಲಿನ್ ಬೇಡ. ಆದ್ರೆ ಬೆಂಗಳೂರಿನ ರಿಪೋರ್ಟ್‌ನಾಗೆ ಇರೋ ಆ ಒಂದು ಅಂಶ ಹಂಗೇ ಐತೆ. ನೋಡ್ತಾ ಇರ್ರಿ."

"ಎಷ್ಟು ದಿನ ನೋಡ್ಬೇಕ್ರಿ ಸರ್?"

"ನೋಡ್ತಾನೇ ಇರ್ಬೇಕಮ್ಮ."

ವಾಪಸ್ಸು ಬರುವಾಗ ಬಸ್ಸಿನ ತಗಡು ಕಾದು ಕೂತಿತ್ತು. ಸಂತೇಬೆನ್ನೂರು ಇನ್ನೂ ದೂರವಿರುವಾಗ ಮಗಳು ಬಾಟಲಿ ಎತ್ತಿ ಗಟಗಟ ನೀರು ಕುಡಿಯತೊಡಗಿದಳು. ನಾನು ಅವಳ ಗಂಟಲನ್ನೇ ನೋಡುತ್ತ ಗುಟುಕು ಎಣಿಸುತ್ತಿದ್ದೆ. ಹಾಗೆ ಎಣಿಸುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಆರನೆಯ ಗುಟುಕಿಗೆ ಅವಳ ಕಣ್ಣು ನನ್ನ ಕಡೆ ತಿರುಗಿತು. ಬಾಟಲಿ ಇಳಿಸಿ ಮುಚ್ಚಳ ಹಾಕಿದಳು. ಇನ್ನೂ ಅರ್ಧ ನೀರಿತ್ತು.

"ಬಿಸಿಲಿಗೆ ಕಣಮ್ಮ" ಎಂದಳು. "ಅದಕ್ಕಲ್ಲ."

"ಕುಡಿ, ಪೂರ್ತಿ ಕುಡಿ" ಎಂದು ಹೇಳಿ, ಅವಳಿಗೆ ಕಾಣದಂತೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ. ಚನ್ನಗಿರಿ ಬರುವವರೆಗೂ ಅವಳು ಮುಚ್ಚಳ ತೆಗೆಯಲಿಲ್ಲ.