ಗುಡುಗಿಗೆ ಮೊದಲೇ ಕಿತ್ತ ಚಾರ್ಜರ್

ಪ್ರತಿಮಾ, ಪವನ, ಇದನ್ನು ಇಬ್ಬರೂ ಓದಿ. ಬಾಯಲ್ಲಿ ಹೇಳಲು ನನಗೆ ಆಗಲಿಲ್ಲ. ಸತ್ತವರು ಮನೆಯಲ್ಲಿ ಓಡಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಎದುರಿಗೆ ಸುಮ್ಮನಿದ್ದು ಮನಸ್ಸಿನಲ್ಲೇ ನಗುತ್ತಿದ್ದವಳು. ಈಗಲೂ ನಂಬುತ್ತೇನೆ ಎನ್ನಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷದ ಬೇಸಿಗೆ ರಜೆ ಅದು. ಪವನ ಮಾಗೋಡಿನ ಸೋದರಮಾವನ ಮನೆಗೆ ಹೋಗಿದ್ದ. ನಿಮ್ಮ ಅಮ್ಮ ಸುಮಂಗಲಾ ಬಿ.ಎಡ್. ಪರೀಕ್ಷೆಗೆ ಲ್ಯಾಪ್‌ಟಾಪಿನಲ್ಲಿ ಓದುತ್ತಿದ್ದಳು. ಮಧ್ಯಾಹ್ನ ಅದನ್ನು ಚಾರ್ಜಿಗೆ ಹಾಕಿ ಹೊಲಿಗೆ ಕಲಿಸಲು ಸಿದ್ದಾಪುರ ಪೇಟೆಗೆ ಹೋಗುವಳು. ಸಂಜೆ ಬಂದು ನೋಡಿದರೆ ಪಿನ್ನು ಹಾಕಿದ್ದು ಹಾಕಿದ ಹಾಗೇ ಇರುತ್ತಿತ್ತು, ಬ್ಯಾಟರಿ ಅರ್ಧವೂ ತುಂಬಿರುತ್ತಿರಲಿಲ್ಲ. ದಿನಾ ಅಲ್ಲ, ವಾರಕ್ಕೆ ಎರಡು ಮೂರು ಸಲ.

ನಾನೂ ಅವಳೂ ಲ್ಯಾಪ್‌ಟಾಪಿನ ಚೀಲ ಹೊತ್ತು ಬಸ್ಸಿನಲ್ಲಿ ಶಿರಸಿಗೆ ಎರಡು ಸಲ ಹೋದೆವು. ರಿಪೇರಿ ಅಂಗಡಿಯವಳು ದಾಸನಕೊಪ್ಪದ ಕಡೆಯ ಹೆಣ್ಣುಮಗಳು. ಮೊದಲ ಸಲ ಚಾರ್ಜರಿಗೆ ಮೀಟರು ಹಿಡಿದು ನೋಡಿದಳು, ಪಿನ್ನು ಕೂರುವ ತೂತಿನ ಧೂಳು ತೆಗೆದಳು, ಬೇರೆ ಚಾರ್ಜರ್ ಹಾಕಿದಳು. ಎಲ್ಲ ಸರಿ ಇತ್ತು. ಎರಡನೇ ಸಲ ಲ್ಯಾಪ್‌ಟಾಪಿನೊಳಗೇ ಇರುವ ಒಂದು ಪಟ್ಟಿ ತೆರೆದಳು. ಚಾರ್ಜ್ ಯಾವ ದಿನ ಯಾವ ಹೊತ್ತಿಗೆ ನಿಂತಿತು, ಯಾವಾಗ ಮತ್ತೆ ಶುರುವಾಯಿತು ಎಂದು ಅದರಲ್ಲಿ ಇರುತ್ತದಂತೆ.

"ಅಮ್ಮಾರ, ಮಷೀನಿಗೆ ಏನೂ ಆಗಿಲ್ರಿ. ಮೂರು ಗಂಟೆ ಸುಮಾರಿಗೆ ಯಾರೋ ತೆಗೀತಾರ, ಆಮ್ಯಾಲೆ ಮತ್ತ ಹಾಕ್ತಾರ. ನಾ ಮಷೀನು ರಿಪೇರಿ ಮಾಡ್ತೀನ್ರಿ, ಮನಿ ಮಂದೀನ್ನ ಅಲ್ಲ."

ಕರೆಂಟು ಹೋಗಿದ್ದಿರಬಹುದೇ ಎಂದೂ ಕೇಳಿದಳು. ಆ ಹೊತ್ತಿಗೆ ನಾನು ಮಲಗಿರುತ್ತಿದ್ದೆ, ಫ್ಯಾನು ನಿಂತದ್ದು ನೆನಪಿರಲಿಲ್ಲ. ನಿಮ್ಮ ಅಪ್ಪ ಬಸ್ಸಿನ ಡ್ಯೂಟಿ ಮುಗಿಸಿ ಬರುವುದು ಕತ್ತಲಾದ ಮೇಲೆ. ಮನೆಯಲ್ಲಿದ್ದವರು ನಾನು ಮತ್ತು ನೀನು, ಪ್ರತಿಮಾ. ಮೊಬೈಲು ಚಾರ್ಜಿಗೆ ಹಾಕಲು ನೀನೇ ತೆಗೆಯುತ್ತೀಯ ಎಂದು ನಾನು ತೀರ್ಮಾನಿಸಿದೆ ಮಗಾ.

"ನಾ ಮುಟ್ಟಲೇ ಇಲ್ಲ ಅಜ್ಜಿ," ಎಂದೆ ನೀನು. ಸುಳ್ಳು ಬೇರೆ ಹೇಳುತ್ತೀಯ ಎಂದು ನಿನ್ನ ಅಮ್ಮನ ಎದುರಿಗೇ ಬೈದೆ. ಅಂದಿನಿಂದ ನೀನು ನನ್ನ ಪಕ್ಕದಲ್ಲಿ ಮಲಗುವುದನ್ನು ಬಿಟ್ಟೆ. ಎಂಟು ಹತ್ತು ದಿನ ಕೇಳಿದ್ದಕ್ಕಷ್ಟೇ ಉತ್ತರ.

ಆಮೇಲೆ ಸೋಂದೆಯಲ್ಲಿ ಒಂದು ಮದುವೆ. ಎಲ್ಲರೂ ಹೋದೆವು. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಹೊರಡುವ ಗಡಿಬಿಡಿಯಲ್ಲಿ ಲ್ಯಾಪ್‌ಟಾಪು ಚಾರ್ಜಿನಲ್ಲೇ ಉಳಿಯಿತು ಎಂದು ಸುಮಂಗಲಾಗೆ ನೆನಪಾದದ್ದು ಬಸ್ಸಿನಲ್ಲಿ. ಊಟ ಮುಗಿಸಿ ಬಂದು ನಮ್ಮೂರಿನಲ್ಲಿ ಇಳಿಯುವಾಗ ಆಕಾಶ ಕಪ್ಪಾಗಿತ್ತು. ಮನೆಗೆ ನಡೆಯುವಷ್ಟರಲ್ಲಿ ಹತ್ತಿರದಲ್ಲೇ ಸಿಡಿಲು ಬಡಿಯಿತು. ಪಕ್ಕದ ಮನೆಯ ಟಿ.ವಿ. ಸುಟ್ಟ ವಾಸನೆ ದಾರಿಗೇ ಬರುತ್ತಿತ್ತು.

ನಾನೇ ಬೀಗ ತೆಗೆದೆ. ಚಾರ್ಜರ್ ಕಿತ್ತಿಟ್ಟಿತ್ತು. ಅದರ ವೈರನ್ನು ನಾಲ್ಕು ಬೆರಳಿಗೆ ಸುತ್ತಿ ಸುರುಳಿ ಮಾಡಿ, ತುದಿಯನ್ನು ಒಳಗೆ ಸಿಕ್ಕಿಸಿ, ಕಿಟಕಿಯ ಮೊಳೆಗೆ ತೂಗುಹಾಕಿತ್ತು. ನಮ್ಮ ಮನೆಯಲ್ಲಿ ಹಾಗೆ ಸುತ್ತುತ್ತಿದ್ದವರು ಒಬ್ಬರೇ. ಲೈನ್‌ಮ್ಯಾನ್ ಆಗಿದ್ದ ನಿಮ್ಮ ಅಜ್ಜನಿಗೆ ಸಿಡಿಲಿನ ಭಯ ಬಹಳ. ನಮಗೆ ಗುಡುಗು ಕೇಳುವ ಮೊದಲೇ ಪಿನ್ನುಗಳನ್ನೆಲ್ಲ ಕೀಳುತ್ತಿದ್ದರು, ಮೋಡ ಸರಿದ ಮೇಲೆ ತಾವೇ ಹಾಕುತ್ತಿದ್ದರು. ಶಿರಸಿಯವಳು ಪಟ್ಟಿಯಿಂದ ಓದಿ ಹೇಳಿದ ಆ ದಿನಗಳನ್ನು ಆಗ ಲೆಕ್ಕ ಹಾಕಿದೆ. ನೆನಪಿದ್ದಷ್ಟೂ ಗುಡುಗಿದ ಮಧ್ಯಾಹ್ನಗಳೇ.

ಪ್ರತಿಮಾ, ನೀನು ಮೊಳೆಯನ್ನು ನೋಡಿದೆ, ನನ್ನನ್ನು ನೋಡಿದೆ. "ಈಗ ತೆಗೆದದ್ದು ಯಾರು ಅಜ್ಜಿ?" ಎಂದೆ. ಕಾಲು ತೊಳೆದುಕೊಂಡು ಬಾ ಹೋಗು ಎಂದಷ್ಟೇ ಅಂದೆ.

ಹೊರಡುವಾಗ ನಾನೇ ಕಿತ್ತು ಮರೆತಿದ್ದೇನೋ ಎಂದು ಯೋಚಿಸಿ ಯೋಚಿಸಿ ದಣಿದಿದ್ದೇನೆ. ಆ ವೈರನ್ನು ಎಷ್ಟೋ ಸಲ ಅವರ ಹಾಗೆ ಸುತ್ತಿ ನೋಡಿದೆ. ನನ್ನ ಕೈಯಲ್ಲಿ ತುದಿ ನಿಲ್ಲುವುದಿಲ್ಲ, ಬಿಚ್ಚಿಕೊಳ್ಳುತ್ತದೆ. ಅಂದಿನಿಂದ ಮೋಡ ಕಂಡ ಕೂಡಲೇ ನಾನೇ ಎದ್ದು ಪಿನ್ನು ಕೀಳುತ್ತೇನೆ. ಮತ್ತೆ ಹಾಗೆ ಆಗಲಿಲ್ಲ. ಕೀಳದೆ ಬಿಟ್ಟು ನೋಡುವ ಧೈರ್ಯವೂ ಬರಲಿಲ್ಲ.

ಈ ಹಾಳೆಗಳನ್ನು ಲ್ಯಾಪ್‌ಟಾಪಿನ ಚೀಲದ ಹಿಂದಿನ ಖಾನೆಯಲ್ಲಿ ಇಡುತ್ತೇನೆ. ಓದಿ ಅಲ್ಲಿಯೇ ಜೋಪಾನವಾಗಿಡಿ. ಯಾರು ತೆಗೆದರೋ ನನಗೆ ಗೊತ್ತಿಲ್ಲ. ಪ್ರತಿಮಾ ತೆಗೆದಿರಲಿಲ್ಲ ಎಂದು ನಾನು ಬರೆದುಕೊಟ್ಟದ್ದು ಇದರಲ್ಲಿ ಮಾತ್ರ ಇದೆ.